ನಾಲ್ಕು ಗಜದ ಓಟವನ್ನು ನೋಡಿ

ಈ ಬಾರಿಯ ಯುಗಾದಿ ಭೋಜನದ ಪಂಕ್ತಿಯಲ್ಲಿ ಹೋಳಿಗೆಗಿಂತ ಹೆಚ್ಚು ಚರ್ಚೆಗೆ ಬಂದದ್ದು ಎನ್.ಎಫ್.ಎಲ್. ಡ್ರಾಫ್ಟ್. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಸಂಘದ ಯುವಕನೊಬ್ಬ ತನ್ನ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ ಪರವಾಗಿ ಬಲವಾಗಿ ವಾದಿಸುತ್ತಿದ್ದ. "ಅಂಕಲ್, ಅವನು ಎಷ್ಟು ವೇಗವಾಗಿ ಓಡ್ತಾನೆ ಗೊತ್ತಾ? ಹೋದ ಸೀಸನ್‌ನಲ್ಲಿ ಸಾವಿರದ ಐನೂರು ಗಜದ ಹತ್ತಿರ ಮಾಡಿದಾನೆ. ಮೊದಲನೇ ಸುತ್ತಲ್ಲೇ ಹೋಗಬೇಕು" ಎಂದು ಅವನ ಪಟ್ಟು. ನಾನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣವನ್ನು ಊಟದ ಗದ್ದಲದಲ್ಲಿ ಸರಿಯಾಗಿ ಹೇಳಲೂ ಆಗಲಿಲ್ಲ. ಆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟವನ್ನು ಮಕ್ಕಳ ಹೆಗಲ ಮೇಲಿಂದ ಇಣುಕಿ ನೋಡುವ ಹಿರಿಯರಿಗಾಗಿ ಒಂದೆರಡು ಮಾತು. ಚೆಂಡನ್ನು ಕೈಗೆ ತೆಗೆದುಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ಅವನಿಗೆ ದಾರಿ ಮಾಡಿಕೊಡುವವರು ಮುಂದೆ ನಿಂತಿರುವ ಐವರು ಭಾರೀ ಗಾತ್ರದ ಲೈನ್‌ಮನ್‌ಗಳು. ಕಾಲೇಜಿನ ಆಟಗಾರರನ್ನು 32 ವೃತ್ತಿಪರ ತಂಡಗಳು ವಸಂತಕಾಲದಲ್ಲಿ ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಅದಕ್ಕೆ ಮುನ್ನ ಇಂಡಿಯಾನಾಪೊಲಿಸ್ ನಗರದಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಹುಡುಗರ ಎತ್ತರ, ತೂಕ, ಜಿಗಿತ, ಓಟ ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಜಾನುವಾರು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ದೃಶ್ಯ ನೆನಪಾದರೆ ತಪ್ಪು ನಿಮ್ಮದಲ್ಲ.

ಆ ಅಳತೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನಲವತ್ತು ಗಜದ ಓಟ. 2008ರಲ್ಲಿ ಕ್ರಿಸ್ ಜಾನ್ಸನ್ ಅದನ್ನು 4.24 ಸೆಕೆಂಡುಗಳಲ್ಲಿ ಮುಗಿಸಿ, ಮೊದಲ ಸುತ್ತಿನಲ್ಲಿ 24ನೆಯವನಾಗಿ ಟೆನೆಸೀ ಟೈಟನ್ಸ್ ತಂಡವನ್ನು ಸೇರಿದ. ಮರುವರ್ಷವೇ 2,006 ಗಜ ಓಡಿದ. ಗಡಿಯಾರವನ್ನು ನಂಬುವವರು ಈ ಒಂದು ಉದಾಹರಣೆಯನ್ನು ಇಂದಿಗೂ ಬಿಟ್ಟುಕೊಡುವುದಿಲ್ಲ. ಆದರೆ ಲೀಗಿನ ಇತಿಹಾಸದಲ್ಲಿಯೇ ಅತಿ ಹೆಚ್ಚು, 18,355 ಗಜ, ಓಡಿದ ಎಮಿಟ್ ಸ್ಮಿತ್ ವಿಷಯದಲ್ಲಿ 1990ರಲ್ಲಿ ಕೇಳಿಬಂದ ಆಕ್ಷೇಪಣೆಯೇ ವೇಗ ಸಾಲದು, ಗಾತ್ರ ಸಾಲದು ಎಂಬುದು. ಡಲ್ಲಾಸ್ ತಂಡದವರು ಅವನನ್ನು ಆರಿಸಿಕೊಳ್ಳುವ ಹೊತ್ತಿಗೆ ಹದಿನಾರು ಹೆಸರುಗಳು ಮುಗಿದಿದ್ದವು.

ಇಲ್ಲಿ ನಮ್ಮ ಕರಾವಳಿಯ ಒಂದು ಪ್ರಸಂಗವನ್ನು ನೆನೆಯದಿರಲಾರೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟನ ದಾಖಲೆ 9.58. ದೇಶವೆಲ್ಲ ಎದ್ದು ಕುಳಿತಿತು, ಕೇಂದ್ರದ ಕ್ರೀಡಾ ಸಚಿವರೇ ಅವರನ್ನು ಆಯ್ಕೆ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ವಿನಯದಿಂದ ನಿರಾಕರಿಸಿದರು. ಕಂಬಳ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆ ವೇಗದಲ್ಲಿ ಕೋಣಗಳ ಪಾಲೆಷ್ಟು, ಓಟಗಾರನ ಪಾಲೆಷ್ಟು ಎಂಬುದನ್ನು ಗಡಿಯಾರ ಬೇರ್ಪಡಿಸಿ ಹೇಳಲಾರದು. ಹಾಗೆಂದು ಓಟಗಾರನ ಕೌಶಲ ಸಣ್ಣದೇನಲ್ಲ. ಕೆಸರಿನಲ್ಲಿ ಆ ಜೋಡಿಯ ಹಿಂದೆ ಆಯತಪ್ಪದೆ ಓಡುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ಆದರೆ ಅದು ಬೇರೆಯ ಕೌಶಲ, ಅದನ್ನು ಅಳೆಯುವ ಕೋಲೂ ಬೇರೆ.

ಕಾಲೇಜಿನ ರನ್ನಿಂಗ್ ಬ್ಯಾಕ್ ಗಳಿಸಿದ ಗಜಗಳನ್ನು ನೋಡುವಾಗ ನನ್ನನ್ನು ಕಾಡುವ ಪ್ರಶ್ನೆಯೂ ಇದೇ. ಇವುಗಳಲ್ಲಿ ಮುಂದಿದ್ದ ಐವರು ಕೊಟ್ಟದ್ದೆಷ್ಟು, ಇವನು ದುಡಿದದ್ದೆಷ್ಟು?

ಟ್ರೆಂಟ್ ರಿಚರ್ಡ್‌ಸನ್ ಎಂಬವನ ಕಥೆ ಇದಕ್ಕೆ ತಕ್ಕ ನಿದರ್ಶನ. 2011ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕಾಗಿ 1,679 ಗಜ ಓಡಿದ. ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಬಲಿಷ್ಠ ಮೈಕಟ್ಟು, ಯಾರೂ ಬೆರಳು ತೋರಿಸಲಾಗದ ದಾಖಲೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ 2012ರಲ್ಲಿ ಒಂದೇ ಒಂದು ಸ್ಥಾನ ಮೇಲೇರುವುದಕ್ಕಾಗಿ ತನ್ನ ಬೇರೆ ಆಯ್ಕೆಗಳನ್ನು ತೆತ್ತು ಅವನನ್ನು 3ನೆಯವನಾಗಿ ಆರಿಸಿಕೊಂಡಿತು. ಒಂದೂವರೆ ವರ್ಷ ಕಳೆಯುವ ಮೊದಲೇ ಇಂಡಿಯಾನಾಪೊಲಿಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಅವನ ಇಡೀ ವೃತ್ತಿಜೀವನದ ಸರಾಸರಿ ಓಟಕ್ಕೆ 3.3 ಗಜ. ಅಲಬಾಮಾದಲ್ಲಿ ಅವನ ಮುಂದೆ ದಾರಿ ಬಿಡಿಸುತ್ತಿದ್ದವರು ಯಾರು? ಚಾನ್ಸ್ ವಾರ್ಮ್ಯಾಕ್ ಮತ್ತು ಡಿ.ಜೆ. ಫ್ಲೂಕರ್ ಅವರಲ್ಲಿ ಇಬ್ಬರು. 2013ರ ಡ್ರಾಫ್ಟ್‌ನಲ್ಲಿ ಒಬ್ಬ 10ನೆಯವನಾಗಿ, ಇನ್ನೊಬ್ಬ 11ನೆಯವನಾಗಿ ಆಯ್ಕೆಯಾದರು. ಅಂಥವರ ಬೆನ್ನ ಹಿಂದೆ ಓಡುವ ಹುಡುಗನಿಗೆ ಮೊದಲ ಐದು ಗಜಗಳವರೆಗೆ ಕಷ್ಟದ ನಿರ್ಧಾರವೇ ಎದುರಾಗುವುದಿಲ್ಲ. ವೃತ್ತಿಪರ ಆಟದಲ್ಲಿಯಾದರೋ ಬಾಗಿಲು ತೆರೆದ ಕ್ಷಣದಲ್ಲಿಯೇ ಮುಚ್ಚುತ್ತದೆ. ಎಲ್ಲಿ ತೆರೆಯಲಿದೆ ಎಂದು ಅರ್ಧ ಕ್ಷಣ ಮುಂಚೆ ಗ್ರಹಿಸಬೇಕು. ರಿಚರ್ಡ್‌ಸನ್‌ಗೆ ಬಲವಿತ್ತು, ಆ ಗ್ರಹಿಕೆ ಕಾಣಲಿಲ್ಲ.

ಆದ್ದರಿಂದ ಆ ಯುವಕನಿಗೆ ನಾನು ಹೇಳಬಯಸಿದ್ದು ಇಷ್ಟು: ಎಂಬತ್ತು ಗಜದ ಓಟಗಳ ವಿಡಿಯೋ ತುಣುಕುಗಳನ್ನು ಪಕ್ಕಕ್ಕಿಡು. ಅವುಗಳಲ್ಲಿ ಬಹುಪಾಲು ಓಟಗಳಲ್ಲಿ ಹುಡುಗನನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಬದಲಿಗೆ ಎರಡು, ಮೂರು, ನಾಲ್ಕು ಗಜದ ಓಟಗಳನ್ನು ನೋಡು. ಯೋಜನೆ ಕೆಟ್ಟುಹೋಗಿದೆ, ಲೈನ್‌ಮನ್ ಒಬ್ಬ ಸೋತಿದ್ದಾನೆ, ಎದುರಾಳಿ ಆಗಲೇ ಒಳನುಗ್ಗಿದ್ದಾನೆ, ಎರಡು ಗಜ ನಷ್ಟವಾಗಬೇಕಾದ ಜಾಗ. ಅಲ್ಲಿ ಹುಡುಗ ಏನು ಮಾಡಿದ? ಗಾಬರಿಯಿಂದ ಅಂಚಿನ ಕಡೆಗೆ ಓಡಿ ಇನ್ನೂ ಐದು ಗಜ ಕಳೆದುಕೊಂಡನೆ? ಅಥವಾ ಒಂದು ಹೆಜ್ಜೆ ತಡೆದು, ಭುಜ ತಗ್ಗಿಸಿ, ಮೊದಲನೆಯವನ ತೋಳಿನಿಂದ ಕಳಚಿಕೊಂಡು, ಬೀಳುವಾಗಲೂ ಮುಂದಕ್ಕೆ ಬಿದ್ದನೆ? ಪಂದ್ಯದ ಮರುದಿನದ ಪತ್ರಿಕೆಯಲ್ಲಿ ಅಂಥ ಓಟದ ಸುದ್ದಿ ಬರುವುದಿಲ್ಲ. ಆದರೆ ಈ ವೃತ್ತಿಯ ಅನ್ನ ಇರುವುದು ಅಲ್ಲಿಯೇ. ಕಬಡ್ಡಿಯಲ್ಲಿ ಏಳು ಜನರ ನಡುವೆ ಸಿಕ್ಕಿಕೊಂಡ ರೈಡರ್ ಗೆರೆಯ ಕಡೆಗೆ ಮೈ ಚಾಚುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದಾಗಿ, ಚೆಂಡು ಅವನ ಕೈಯಲ್ಲಿ ಇಲ್ಲದಿರುವಾಗ ನೋಡಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯಲು ನಿಂತಾಗ ಅವನ ಮೇಲೆರಗುವ ಎದುರಾಳಿಯನ್ನು ಗುರುತಿಸಿ ತಡೆಯುವ ಹೊಣೆ ಅನೇಕ ಸಲ ರನ್ನಿಂಗ್ ಬ್ಯಾಕ್‌ನದು. ಯಾರು ಬರುತ್ತಾನೆ, ಯಾವ ಕಡೆಯಿಂದ ಬರುತ್ತಾನೆ ಎಂಬುದು ಕ್ಷಣಾರ್ಧದ ಓದು. ಹೊಸಬರು ಬೆಂಚಿನ ಮೇಲೆ ಕೂರುವುದಕ್ಕೆ ಓಟಕ್ಕಿಂತ ಹೆಚ್ಚಾಗಿ ಇದೇ ಕಾರಣವಾಗುತ್ತದೆ. ತಂಡದ ಅತ್ಯಂತ ದುಬಾರಿ ಆಟಗಾರನನ್ನು ನೆಲಕ್ಕೆ ಬೀಳಿಸಿದ ಹುಡುಗನಿಗೆ ಯಾವ ತರಬೇತುದಾರನೂ ಮತ್ತೆ ಸುಲಭವಾಗಿ ಅವಕಾಶ ಕೊಡಲಾರ. ಕೈಗೆ ಬಂದ ಚೆಂಡನ್ನು ಹಿಡಿಯುವ ಸಾಮರ್ಥ್ಯವೂ ಈಗ ಅಷ್ಟೇ ಮುಖ್ಯ. 2019ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಓಡಿ ಸಾವಿರ, ಹಿಡಿದು ಸಾವಿರ ಗಜ ದಾಟಿದ ಮೇಲಂತೂ ಇದನ್ನು ಯಾರೂ ಅಲ್ಲಗಳೆಯುತ್ತಿಲ್ಲ.

ನನ್ನ ವಾದದಲ್ಲಿ ತೊಡಕೂ ಒಂದುಂಟು, ಅದನ್ನು ಬಚ್ಚಿಡಲಾರೆ. ಟೆರೆಲ್ ಡೇವಿಸ್ 1995ರಲ್ಲಿ ಆರನೆಯ ಸುತ್ತಿನಲ್ಲಿ, 196ನೆಯವನಾಗಿ ಡೆನ್ವರ್ ತಂಡಕ್ಕೆ ಸಿಕ್ಕವನು. ಟೋಕಿಯೋದಲ್ಲಿ ನಡೆದ ಪೂರ್ವಸಿದ್ಧತಾ ಪಂದ್ಯವೊಂದರಲ್ಲಿ, ಚೆಂಡು ಹಿಡಿದು ಓಡಿಬಂದ ಎದುರಾಳಿಯನ್ನು ಅವನು ಅಪ್ಪಳಿಸಿದ ರೀತಿಯಿಂದ ತರಬೇತುದಾರರ ಕಣ್ಣಿಗೆ ಬಿದ್ದ. 1998ರಲ್ಲಿ 2,008 ಗಜ ಓಡಿದ. ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಇದು ಮನುಷ್ಯನ ಒಳಗುಣದ ವಿಜಯವೆಂದು ನಾವು ಸಂಭ್ರಮಿಸುವಷ್ಟರಲ್ಲಿ, ಅವನ ಮೊಣಕಾಲು ಕೈಕೊಟ್ಟ ಮೇಲೆ ಅದೇ ಡೆನ್ವರ್ ತಂಡದಲ್ಲಿ ನಾಲ್ಕನೆಯ ಸುತ್ತಿನ ಒಲಾಂಡಿಸ್ ಗ್ಯಾರಿ 1999ರಲ್ಲಿ 1,159 ಗಜ, ಆರನೆಯ ಸುತ್ತಿನ ಮೈಕ್ ಆಂಡರ್‌ಸನ್ 2000ದಲ್ಲಿ 1,487 ಗಜ ಓಡಿಬಿಟ್ಟರು! ಮತ್ತೆ ಕೋಣಗಳ ಪ್ರಶ್ನೆಯೇ. ಸಾಕ್ವಾನ್ ಬಾರ್ಕ್ಲಿಯನ್ನೇ ನೋಡಿ. ನ್ಯೂಯಾರ್ಕ್ ಜಯಂಟ್ಸ್ ತಂಡದ ದುರ್ಬಲ ಲೈನ್ ಹಿಂದೆ 2023ರಲ್ಲಿ 962 ಗಜ. ಮರುವರ್ಷ ಫಿಲಡೆಲ್ಫಿಯಾದ ಬಲಿಷ್ಠ ಲೈನ್ ಹಿಂದೆ 2,005 ಗಜ, ಕೊನೆಗೆ ಸೂಪರ್ ಬೌಲ್ ಕೂಡ. ಮನುಷ್ಯ ಅವನೇ, ಕಾಲುಗಳೂ ಅವೇ, ವಯಸ್ಸು ಮಾತ್ರ ಒಂದು ವರ್ಷ ಹೆಚ್ಚು. ಹಾಗಾಗಿ ಯಾವ ಹುಡುಗನನ್ನೇ ಆಗಲಿ, ಅವನು ಸೇರಲಿರುವ ತಂಡವನ್ನು ನೋಡದೆ ಅಳೆಯುವುದು ಅರ್ಧ ಕೆಲಸ.

ಇಷ್ಟೆಲ್ಲ ಅಳತೆ ಯಾರ ಸಲುವಾಗಿ? ತಂಡ ತಪ್ಪಿದರೆ ಒಂದು ಆಯ್ಕೆಯನ್ನು ಕಳೆದುಕೊಳ್ಳುತ್ತದೆ, ಮುಂದಿನ ವರ್ಷ ಇನ್ನೊಂದು ಬರುತ್ತದೆ. ಹುಡುಗನಿಗಾದರೋ ಇರುವುದು ಒಂದೇ ದೇಹ. ಹೊಸಬನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವನಾದರೆ ಐದನೆಯ ವರ್ಷಕ್ಕೂ ಅವನನ್ನು ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ. ಅದು ಮುಗಿಯುವ ಹೊತ್ತಿಗೆ ಅವನಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಈ ಸ್ಥಾನದಲ್ಲಿ ಅದು ಆಗಲೇ ಮುಪ್ಪು ಎಂದು ಮಾರುಕಟ್ಟೆ ತೀರ್ಮಾನಿಸಿರುತ್ತದೆ. 2022ರಲ್ಲಿ ಇಡೀ ಲೀಗಿನಲ್ಲಿಯೇ ಅತಿ ಹೆಚ್ಚು ಗಜ ಓಡಿದ ಜೋಶ್ ಜೇಕಬ್ಸ್‌ಗೂ ಮರುವರ್ಷ ದೀರ್ಘಾವಧಿಯ ಒಪ್ಪಂದ ಸಿಗಲಿಲ್ಲ.

ಹೀಗಿರುವಾಗ ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆಯದೆ ಡ್ರಾಫ್ಟ್‌ಗೆ ಬರುವಂತಿಲ್ಲ ಎಂಬ ನಿಯಮ ರನ್ನಿಂಗ್ ಬ್ಯಾಕ್‌ಗಳ ಮಟ್ಟಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕ್ವಾರ್ಟರ್‌ಬ್ಯಾಕ್‌ಗೆ ಆ ಮೂರು ವರ್ಷ ವಿದ್ಯಾಭ್ಯಾಸ. ರನ್ನಿಂಗ್ ಬ್ಯಾಕ್‌ಗೆ ಅದು ಬಂಡವಾಳದ ಖರ್ಚು. ಒಹಾಯೋ ಸ್ಟೇಟ್‌ನ ಮೋರಿಸ್ ಕ್ಲ್ಯಾರೆಟ್ ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, 2004ರಲ್ಲಿ ಮೇಲ್ಮನವಿಯಲ್ಲಿ ಸೋತ. ಆ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಸೋನಿಯಾ ಸೊಟೊಮೇಯರ್. ಸೌತ್ ಕ್ಯಾರೊಲೈನಾದ ಮಾರ್ಕಸ್ ಲ್ಯಾಟಿಮೋರ್ 2010ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲಿಯೇ, 1,197 ಗಜ ಓಡಿ 17 ಟಚ್‌ಡೌನ್ ಗಳಿಸಿದ. ಮರುವರ್ಷ ಒಂದು ಮೊಣಕಾಲು, ಅದರ ಮರುವರ್ಷ ಇನ್ನೊಂದು. 2013ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಅವನನ್ನು ಆರಿಸಿಕೊಂಡಿತಾದರೂ ಒಂದೇ ಒಂದು ಪಂದ್ಯ ಆಡಲಾಗದೆ 2014ರಲ್ಲಿ ನಿವೃತ್ತನಾದ. ಅವನ ಆಟವನ್ನು ಬಲ್ಲವರು ಯಾರೂ ಅವನ ಯೋಗ್ಯತೆಯನ್ನು ತಪ್ಪಾಗಿ ಅಳೆದಿರಲಿಲ್ಲ. ಅಳೆದದ್ದು ಸರಿಯಾಗಿಯೇ ಇತ್ತು, ಮಾರುವ ಹಕ್ಕು ಮಾತ್ರ ಅವನಿಗಿರಲಿಲ್ಲ.

ಹತ್ತೊಂಬತ್ತರ ಎಳೆಯ ಮೈಯನ್ನು ಮೂವತ್ತರ ಗಟ್ಟಿಗರ ಎದುರು ನಿಲ್ಲಿಸಬಾರದು ಎಂಬ ಪ್ರತಿವಾದ ಹುರುಳಿಲ್ಲದ್ದಲ್ಲ. ತಾಯ್ತಂದೆಯಾಗಿ ಯೋಚಿಸಿದರೆ ನಾನೂ ಹಾಗೆಯೇ ಹೇಳಿಯೇನು. 2021ರ ಜುಲೈಯಿಂದ ಕಾಲೇಜಿನ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆ, 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಪಾಲು ಕೊಡಬಹುದಾಗಿದೆ. ಇದರಿಂದ ಅನ್ಯಾಯದ ಅಂಚು ಕೊಂಚ ಮೊಂಡಾಗಿರುವುದೂ ನಿಜ. ಆದರೂ ಶನಿವಾರದ ಪಂದ್ಯದಲ್ಲಿ ಒಬ್ಬನೇ ಹುಡುಗನಿಗೆ ಮೂವತ್ತು, ಮೂವತ್ತೈದು ಸಲ ಚೆಂಡು ಕೊಡುವುದನ್ನು ಕಂಡಾಗ ನನಗೆ ಸಂತೋಷಕ್ಕಿಂತ ಲೆಕ್ಕವೇ ಮೊದಲು ಹೊಳೆಯುತ್ತದೆ.

ಆ ಲೆಕ್ಕಕ್ಕೂ ಅಪವಾದಗಳುಂಟು. ಡೆರಿಕ್ ಹೆನ್ರಿ 2015ರಲ್ಲಿ ಅಲಬಾಮಾಕ್ಕಾಗಿ 395 ಸಲ ಚೆಂಡು ಹೊತ್ತ. ಸವೆದುಹೋದನೆಂದು ಹಲವರು ಅಂಜಿದ ಅದೇ ಮನುಷ್ಯ 2020ರಲ್ಲಿ 2,027 ಗಜ ಓಡಿದ. ಫ್ರ್ಯಾಂಕ್ ಗೋರ್ ಕಾಲೇಜಿನಲ್ಲಿಯೇ ಎರಡೂ ಮೊಣಕಾಲುಗಳ ಅಸ್ಥಿಬಂಧ ಹರಿದುಕೊಂಡು, ಮೂರನೆಯ ಸುತ್ತಿನವರೆಗೆ ಕಾದು, ಆಮೇಲೆ ಹದಿನಾರು ಸೀಸನ್ ಆಡಿ ಸರಿಯಾಗಿ 16,000 ಗಜ ಮುಗಿಸಿ ಹೊರಟ.

ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ 2024ರಲ್ಲಿ 374 ಸಲ ಚೆಂಡು ಹೊತ್ತು 2,601 ಗಜ ಓಡಿದ. ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಸ್ಥಾಪಿಸಿದ 2,628ರ ದಾಖಲೆಗೆ ಕೇವಲ 27 ಗಜ ಕಡಿಮೆ. 2025ರ ಡ್ರಾಫ್ಟ್‌ನಲ್ಲಿ ಲಾಸ್ ವೇಗಸ್ ರೇಡರ್ಸ್ ತಂಡ ಅವನನ್ನು 6ನೆಯವನಾಗಿ ಆರಿಸಿಕೊಂಡಿತು. ಅವನ ಆಟದಲ್ಲಿ ನನ್ನನ್ನು ಒಲಿಸಿಕೊಂಡದ್ದು ಆ ಮೊತ್ತವಲ್ಲ. ಮೊದಲನೆಯವನು ಮುಟ್ಟಿದ ಮೇಲೂ ನಿಂತೇ ಇರುತ್ತಿದ್ದ ಅವನ ಕಾಲುಗಳು. ಆ ಯುವಕ ಮೆಚ್ಚಿದ ಹುಡುಗನ ಪಂದ್ಯವೊಂದನ್ನು ಪೂರ್ತಿಯಾಗಿ, ತುಣುಕುಗಳಾಗಿ ಅಲ್ಲ, ನೋಡೋಣವೆಂದು ಅವನನ್ನು ಮುಂದಿನ ಭಾನುವಾರ ಮನೆಗೆ ಕರೆದಿದ್ದೇನೆ. ಮೂರನೆಯ ಪ್ರಯತ್ನದಲ್ಲಿ ಒಂದೇ ಗಜ ಬೇಕಾದ ಸಂದರ್ಭಗಳನ್ನು ಗುರುತು ಹಾಕಿಕೊಂಡು ಬರುತ್ತೇನೆ ಎಂದಿದ್ದಾನೆ.