ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿ ಉಂಟೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಪದವಿ ಮೊದಲ ವರ್ಷದಲ್ಲಿದ್ದಾನೆ. ಗೆಳೆಯರ ಜೊತೆ ಸೇರಿ ರಾತ್ರಿ ಒಂದು ಮನೆಯ ಬೀಗ ಮುರಿದು ಕಳವು ಮಾಡಿದನೆಂದು ಕೇಸಾಯಿತು. ‘ಒಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು’ ಎಂದು ಯಾರೋ ಹೇಳಿದ್ದನ್ನು ನಂಬಿ, ವಕೀಲರಿಲ್ಲದೆ ಕೋರ್ಟಿನಲ್ಲಿ ಒಪ್ಪಿಕೊಂಡ. ಒಂದು ವರ್ಷದ ಸಜೆಯಾಗಿದೆ. ‘ನಾನು ಒಳಗೆ ಹೋಗಿರಲೇ ಇಲ್ಲ’ ಎಂದು ಈಗ ಹೇಳುತ್ತಾನೆ. ಮೇಲ್ಮನವಿ ಸಲ್ಲಿಸಬಹುದೆ? ಅವನ ಓದಿನ ಗತಿಯೇನು?
– ನೊಂದ ತಂದೆ, ಶಿವಯೋಗ ಮಂದಿರ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಕಿರಿದಾಗಿದೆ.

ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದರೆ ‘ನಾನು ತಪ್ಪಿತಸ್ಥನಲ್ಲ’ ಎಂದು ಸಾಮಾನ್ಯವಾಗಿ ಮೇಲ್ಮನವಿ ಹೋಗಲು ಬರುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮು ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಶಿಕ್ಷೆ ಹೆಚ್ಚಾಯಿತು, ಅಥವಾ ಕಾನೂನುಬದ್ಧವಲ್ಲ ಎಂದು ಮೇಲ್ಮನವಿ ಸಲ್ಲಿಸಬಹುದು. ಬಾದಾಮಿಯ ಮ್ಯಾಜಿಸ್ಟ್ರೇಟರ ತೀರ್ಪಾದರೆ ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು. ಅವಧಿ 30 ದಿನ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಬೇಕು. ಸಜೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿರೆಂದೂ ಅದರೊಂದಿಗೇ ಅರ್ಜಿ ಹಾಕಿ.

ಇನ್ನು ಒಪ್ಪಿಗೆಯ ಮಾತು. ಆರೋಪವನ್ನು ಓದಿ, ತಿಳಿಯುವಂತೆ ವಿವರಿಸಿದ ಮೇಲೆಯೇ ಒಪ್ಪಿಗೆ ಕೇಳಬೇಕು. ಒಪ್ಪಿಕೊಂಡರೂ ಶಿಕ್ಷಿಸಲೇಬೇಕೆಂದಿಲ್ಲ, ಅದು ಮ್ಯಾಜಿಸ್ಟ್ರೇಟರ ವಿವೇಚನೆ. ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ (1983ರಲ್ಲಿ ವರದಿಯಾದದ್ದು), ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿತು. ಪ್ರಕರಣವನ್ನು ಮತ್ತೆ ವಿಚಾರಣೆಗೆ ಕಳಿಸಿತು. ನಿಮ್ಮ ಮಗನ ಸಂಗತಿ ಹಾಗೆಯೇ ಎಂದು ನಾನು ಹೇಳಲಾರೆ. ಬರೀ ‘ಯಾರೋ ಹೇಳಿದರು’ ಎಂದರೆ ಸಾಲದು. ತೀರ್ಪಿನ ಪ್ರತಿ ಉಚಿತವಾಗಿ ಸಿಗುತ್ತದೆ. ಆರೋಪಪತ್ರ ಮತ್ತು ದಿನಚರಿ ಹಾಳೆಗಳ ನಕಲನ್ನೂ ಪಡೆಯಿರಿ. ಆರೋಪವನ್ನು ಕನ್ನಡದಲ್ಲಿ ತಿಳಿಸಿದ್ದರೆ? ಅವನ ಮಾತನ್ನು ಅವನು ಆಡಿದಂತೆಯೇ ಬರೆದಿದ್ದಾರೆಯೆ? ವಕೀಲರು ಬೇಕೆ ಎಂದು ಕೇಳಿದ್ದರೆ? ಇಲ್ಲಿ ಲೋಪ ಕಂಡರೆ ವಕೀಲರು ಅದನ್ನು ಎತ್ತಿ ಹಿಡಿಯಬಲ್ಲರು.

ಒಂದು ಎಚ್ಚರಿಕೆ. ಒಳಗೆ ಹೋಗದಿದ್ದರೂ, ಕಳ್ಳತನದ ಉದ್ದೇಶದಲ್ಲಿ ಪಾಲುಗೊಂಡು ಹೊರಗೆ ಕಾವಲು ನಿಂತವನು ಕಾನೂನಿನ ಕಣ್ಣಿಗೆ ಒಳಹೊಕ್ಕವನಷ್ಟೇ ಹೊಣೆ. ಕಳವಿಗಾಗಿ ರಾತ್ರಿ ಮನೆ ಮುರಿದರೆ 14 ವರ್ಷದವರೆಗೂ ಶಿಕ್ಷೆ ಉಂಟು. ಆದ್ದರಿಂದ ಮಗನನ್ನು ಕೂರಿಸಿಕೊಂಡು ನಿಜವನ್ನು ಪೂರ್ತಿ ಕೇಳಿ. ವಕೀಲರ ಮುಂದೆ ಏನನ್ನೂ ಮುಚ್ಚಿಡಬೇಡಿ.

ನಿಮಗೆ ಹೆಚ್ಚಿನ ಭರವಸೆ ಇರುವುದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಲ್ಲಿ. ಇಂಥ ಪ್ರಕರಣದಲ್ಲಿ 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸುವ ಮುನ್ನ, ಬೇರೆ ದಾರಿ ಏಕೆ ಸರಿಯಲ್ಲ ಎಂಬುದಕ್ಕೆ ನ್ಯಾಯಾಲಯ ಕಾರಣ ಬರೆಯಬೇಕು. ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕೂ ಇದೆ. ಹಾಗೆ ಬಿಡುಗಡೆಯಾದರೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದೆಂದು 12ನೇ ಕಲಮು ಹೇಳುತ್ತದೆ. ಆದರೂ ನೌಕರಿ ಅರ್ಜಿಯಲ್ಲಿ ಕೇಳಿದರೆ ವಿಷಯ ಮರೆಮಾಚಬಾರದು. ಘಟನೆಯ ದಿನ ಅವನಿಗೆ 18 ತುಂಬಿರಲಿಲ್ಲವೆ? ಹಾಗಿದ್ದರೆ ಜನ್ಮದಾಖಲೆ ತೋರಿಸಿ, ಬಾಲಕನೆಂಬ ವಾದವನ್ನು ಈಗಲೂ ಎತ್ತಬಹುದು.

ವಕೀಲರ ಶುಲ್ಕದ ಚಿಂತೆ ಬೇಡ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೆ 15100ಕ್ಕೆ ಫೋನು ಮಾಡಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು: ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡ ಗುಣ. ಆದರೆ ನ್ಯಾಯಾಲಯದಲ್ಲಿ ‘ಹೌದು’ ಎನ್ನುವ ಮೊದಲು ಯಾವುದಕ್ಕೆ ಹೌದು ಎನ್ನುತ್ತಿದ್ದೇವೆಂದು ತಿಳಿದಿರಬೇಕು. ತಿಳಿಯದಿದ್ದರೆ ‘ಸ್ವಾಮಿ, ನನಗೆ ವಕೀಲರು ಬೇಕು’ ಎನ್ನಿ. ಹಾಗೆ ಕೇಳುವುದು ನಿಮ್ಮ ಹಕ್ಕು.