ಅಂಗಡಿಗೂ ಸಭೆಗೂ ಒಂದೇ ಕ್ಯಾಮೆರಾ: ಆಕ್ಷೇಪಿಸುವವರಿಗೆ ಉತ್ತರ

ಬೇಕರಿಗೂ ಬಟ್ಟೆ ಅಂಗಡಿಗೂ ಪ್ರಚಾರದ ವಿಡಿಯೊ ಮಾಡಿಕೊಡುವವರು ಕ್ರೈಸ್ತ ಸೇವಾಸಂಸ್ಥೆಗಳಿಗೆ ಕಿರುಚಿತ್ರ ಮಾಡಬಾರದು ಎಂಬ ಮಾತು ನಮ್ಮ ಕರಾವಳಿಯ ಸಭೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಮಂಗಳೂರಿನಲ್ಲಿ ಈ ಎರಡೂ ಕೆಲಸ ಮಾಡುವ ಸಣ್ಣ ತಂಡವೊಂದರಲ್ಲಿ ದುಡಿಯುವ ನಾನು ಆ ಮಾತನ್ನು ಹಗುರವಾಗಿ ತೆಗೆದುಕೊಂಡವನಲ್ಲ. ಹೇಳುವವರಲ್ಲಿ ಸಭೆಯ ಹಿರಿಯರಿದ್ದಾರೆ, ನನಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರೂ ಇದ್ದಾರೆ. ಅವರ ಆತಂಕ ನಿಜವಾದದ್ದೇ. ಆದರೆ ಅವರು ಅಪಾಯವನ್ನು ದುಡ್ಡಿನಲ್ಲಿ, ಜಾಹೀರಾತಿನಲ್ಲಿ ಹುಡುಕುತ್ತಿದ್ದಾರೆ. ನಾನು ಕಂಡಂತೆ ಅಪಾಯವಿರುವುದು ‘ಬೇಡ’ ಎನ್ನಲಾಗದ ಮನುಷ್ಯನ ಮುಖಕ್ಕೆ ಕ್ಯಾಮೆರಾ ಹಿಡಿಯುವುದರಲ್ಲಿ.

ಮೊದಲನೆಯ ಆಕ್ಷೇಪ: ಸಾಬೂನು ಮಾರುವ ವಿದ್ಯೆಯಿಂದ ಸುವಾರ್ತೆ ಸಾರಬಾರದು.

ಈ ಆಕ್ಷೇಪಕ್ಕೆ ನೂರು ವರ್ಷ ದಾಟಿದೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಸಾಲ್ವೇಶನ್ ಆರ್ಮಿಯವರು 1890ರ ದಶಕದಲ್ಲೇ ಲೈಮ್‌ಲೈಟ್ ಡಿಪಾರ್ಟ್‌ಮೆಂಟ್ ಎಂಬ ವಿಭಾಗವನ್ನು ತೆರೆದಿದ್ದರು. ಜೋಸೆಫ್ ಪೆರ್ರಿ ಅದರ ಛಾಯಾಗ್ರಾಹಕ. 1900ರ ಸೆಪ್ಟೆಂಬರ್ 13ರಂದು ಅಲ್ಲಿನ ಟೌನ್ ಹಾಲ್‌ನಲ್ಲಿ ಅವರು ತೋರಿಸಿದ ‘ಸೋಲ್ಜರ್ಸ್ ಆಫ್ ದಿ ಕ್ರಾಸ್’ನಲ್ಲಿ ಸುಮಾರು 200 ಗಾಜಿನ ಸ್ಲೈಡುಗಳ ನಡುನಡುವೆ ಆದಿಕ್ರೈಸ್ತರು ಪಟ್ಟ ಹಿಂಸೆಯನ್ನು ತೋರಿಸುವ ಪುಟ್ಟ ಪುಟ್ಟ ಚಲನಚಿತ್ರಗಳಿದ್ದವು. ಮರುವರ್ಷ ಜನವರಿ 1ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಒಕ್ಕೂಟದ ಉದ್ಘಾಟನೆಯಾದಾಗ ಅದನ್ನು ಚಿತ್ರೀಕರಿಸಲು ನ್ಯೂ ಸೌತ್ ವೇಲ್ಸ್ ಸರ್ಕಾರ ಕರೆದದ್ದೂ ಇದೇ ತಂಡವನ್ನೇ. ಸೇವೆಯ ಚಿತ್ರಕ್ಕೂ ಹೊರಗಿನ ಗುತ್ತಿಗೆಗೂ ಅವರಿಗೆ ಬೇರೆ ಬೇರೆ ಕ್ಯಾಮೆರಾ ಬೇಕಾಗಲಿಲ್ಲ. ಆಮೇಲೆ ಹೊಸ ಕಮಿಷನರ್ ಬಂದರು. ಸಿನಿಮಾದಿಂದ ಸಂಸ್ಥೆಯ ಗಾಂಭೀರ್ಯ ಕೆಡುತ್ತದೆ ಎಂದು 1910ರಲ್ಲಿ ಇಡೀ ವಿಭಾಗವನ್ನೇ ಮುಚ್ಚಿಸಿದರು. ‘ಸೋಲ್ಜರ್ಸ್ ಆಫ್ ದಿ ಕ್ರಾಸ್’ನ ಸ್ಲೈಡುಗಳು ಉಳಿದಿವೆ, ಚಲನಚಿತ್ರಗಳು ಉಳಿದಿಲ್ಲ. ಸಿನಿಮಾ ಏನೂ ನಿಲ್ಲಲಿಲ್ಲ. ಅದನ್ನು ಅಷ್ಟು ಬೇಗ ಕಲಿತಿದ್ದ ಭಕ್ತರ ಕೈಯಿಂದ ಮಾತ್ರ ಜಾರಿಹೋಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮೂರಲ್ಲೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಲ್ಲಿ ಊರ ಸುದ್ದಿ, ಸರಕಾರದ ಆದೇಶ, ಕಥೆ ಎಲ್ಲಕ್ಕೂ ಜಾಗವಿತ್ತು. 1865ರಲ್ಲಿ ಅದೇ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಹಳೆಯ ಮನೆ ಕೆಡವುವಾಗ ಸಿಗುವ ಹೆಂಚನ್ನು ತಿರುಗಿಸಿ ನೋಡಿ, ಮಿಷನ್ನಿನ ಹೆಸರೇ ವ್ಯಾಪಾರದ ಮುದ್ರೆಯಾಗಿ ಅಚ್ಚೊತ್ತಿಕೊಂಡಿರುತ್ತದೆ. ಆ ಹೆಂಚಿನಡಿ ಪ್ರಾರ್ಥನೆ ಮಾಡಿದವರ ಮೊಮ್ಮಕ್ಕಳು ಇವತ್ತು ವ್ಯಾಪಾರವೂ ಸೇವೆಯೂ ಒಂದೇ ಸೂರಿನಡಿ ಇರಬಾರದು ಎಂದರೆ ನಾನು ಒಪ್ಪಲಾರೆ. ಆಂಧ್ರದಲ್ಲಿ ಯೇಸುವಿನ ಜೀವನ ಕುರಿತ 1978ರ ‘ಕರುಣಾಮಯುಡು’ ಚಿತ್ರವನ್ನು ನಿರ್ದೇಶಿಸಿದ ಎ. ಭೀಮ್‌ಸಿಂಗ್ ತಮಿಳಿನ ಸಂಸಾರದ ಕಥೆಗಳಿಗೆ ಹೆಸರಾದವರು. ಆ ಚಿತ್ರವನ್ನು ಸೇವಾಸಂಸ್ಥೆಗಳು ಹಳ್ಳಿಹಳ್ಳಿಗೆ ಹೊತ್ತೊಯ್ದು ತೋರಿಸಿದಾಗ, ನಿರ್ದೇಶಕರು ಅದಕ್ಕೂ ಮುಂಚೆ ಏನು ಮಾಡುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಎರಡನೆಯದು: ದೇವರ ಕೆಲಸಕ್ಕೆ ಬಿಲ್ ಹಾಕುವುದೇ? ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ, ಸಭೆಯಿಂದ ಏನೂ ತೆಗೆದುಕೊಳ್ಳಲಿಲ್ಲ ಎಂದು ನನಗೆ ಆಗಾಗ ನೆನಪಿಸುತ್ತಾರೆ. ಆತ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯವನ್ನು ಪೂರ್ತಿ ಓದಬೇಕು. ಕೆಲಸಗಾರನಿಗೆ ಕೂಲಿಯ ಹಕ್ಕಿದೆ ಎಂದು ಆತ ಅಲ್ಲಿ ಉದ್ದಕ್ಕೂ ವಾದಿಸುತ್ತಾನೆ. ಬಿಟ್ಟುಕೊಟ್ಟದ್ದು ತನ್ನ ಹಕ್ಕನ್ನು, ಗುಡಾರಕ್ಕೆ ಬಟ್ಟೆ ಮಾರಿದವನ ಹಕ್ಕನ್ನಲ್ಲ. ನಮ್ಮ ಎಡಿಟರ್ ಹುಡುಗ ರಾತ್ರಿ ಕೂತು ಕತ್ತರಿಸುತ್ತಾನೆ, ಅವನ ಮನೆಗೂ ಬಾಡಿಗೆ ಇದೆ. ಸೌಂಡ್ ಸಿಸ್ಟಮ್‌ನವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ ಸಭೆ ಹಣ ಕೊಡುತ್ತದೆ, ಕೊಡಲೇಬೇಕು. ಪುಕ್ಕಟೆ ಮಾಡಿಸಿಕೊಂಡ ವಿಡಿಯೊಗಳ ಗತಿ ಏನಾಗುತ್ತದೆಂದು ನಾನು ನೋಡಿದ್ದೇನೆ. ಫುಟೇಜ್ ಯಾರದೋ ಹಾರ್ಡ್ ಡಿಸ್ಕಿನಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತದೆ, ಉಪಕಾರ ಮಾಡಿದವರನ್ನು ಗದರಿ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಮೂರನೆಯದು: ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನೀವು ಯಾಕೆ ಬೇಕು? ಎಷ್ಟೋ ಸಲ ನಿಜಕ್ಕೂ ಬೇಕಿಲ್ಲ. ಭಾನುವಾರದ ಆರಾಧನೆಗೆ, ಹಬ್ಬದ ಶುಭಾಶಯಕ್ಕೆ, ಅಂಗಡಿಯ ಹೊಸ ಮಾಲಿಗೆ ಮೊಬೈಲ್ ಧಾರಾಳ ಸಾಕು ಎಂದು ಕೇಳಿದವರಿಗೆ ನಾವೇ ಹೇಳುತ್ತೇವೆ. ತಗಡಿನ ಮಾಡಿನ ಪ್ರಾರ್ಥನಾ ಮಂದಿರದಲ್ಲಿ ಕಷ್ಟ ಗೊತ್ತಾಗುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಮಾತು ಕೇಳಿಸದು, ನಿಲ್ಲಿಸಿದರೆ ಕೂತವರು ಬೆವರಿನಲ್ಲಿ ತೋಯ್ದುಹೋಗುತ್ತಾರೆ, ಕಾಲರ್ ಮೈಕ್ ಸೀರೆಯ ಸೆರಗಿಗೆ ಉಜ್ಜಿ ಕರಕರ ಎನ್ನುತ್ತದೆ. ಆದರೂ ಯಂತ್ರಕ್ಕಿಂತ ಕಷ್ಟದ್ದು ಪ್ರಶ್ನೆ ಕೇಳುವ ಕೆಲಸ. ಕಟ್ಟಿಗೆ ಭಟ್ಟಿಯ ಬೇಕರಿಯವರೊಬ್ಬರು ಕ್ಯಾಮೆರಾ ಎದುರು ನಿಂತ ಕೂಡಲೇ ಉತ್ತಮ ಗುಣಮಟ್ಟ, ಮಿತವಾದ ದರ, ಒಮ್ಮೆ ಭೇಟಿ ಕೊಡಿ ಎಂದು ಬಾಯಿಪಾಠ ಒಪ್ಪಿಸಿದರು. “ಭಟ್ಟಿ ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತದೆ?” ಎಂದು ಕೇಳಿದೆವು. ಅವರು ಒಂದು ಚಿಟಿಕೆ ಮೈದಾ ತೆಗೆದು ಭಟ್ಟಿಯ ನೆಲಕ್ಕೆ ಎಸೆದು ಬಗ್ಗಿ ನೋಡಿದರು. ಎಸೆದದ್ದೇ ಕಪ್ಪಾದರೆ ಕಾವು ಹೆಚ್ಚು, ಕಾಯಬೇಕು. ನಿಧಾನಕ್ಕೆ ಕೆಂಪಾದರೆ ಬ್ರೆಡ್ ಒಳಗೆ ಹೋಗಬಹುದು. ಆ ಚಿಟಿಕೆ ಹಿಟ್ಟೇ ಅವರ ಜಾಹೀರಾತಾಯಿತು. ಪಾಸ್ಟರ್‌ಗಳದ್ದೂ ಇದೇ ಕಥೆ. ಸೇವೆಯ ದರ್ಶನವೇನು ಎಂದು ಕೇಳಿದರೆ ಕರಪತ್ರದ ಮಾತು ಬರುತ್ತದೆ. ಬೆಳಿಗ್ಗೆ ಯಾರ ಮನೆಗೆ ಹೋಗಿದ್ದಿರಿ ಎಂದು ಕೇಳಿದರೆ, ಒಬ್ಬ ಅಜ್ಜಿಯ ಓಪಿ ಚೀಟಿ ಹಿಡಿದು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತ ಮಾತು ಬರುತ್ತದೆ. ಅಂಗಡಿಯಲ್ಲಿ ಕಲಿತ ಆ ಪ್ರಶ್ನೆಯನ್ನು ಸಭೆಗೆ ತರುವುದು ತಪ್ಪೆಂದು ನನಗೆ ಅನಿಸಿಲ್ಲ.

ಎರಡು ನಿಮಿಷದಲ್ಲಿ ವಿಶ್ವಾಸದ ಆಳ ಹೇಳಲಾಗದು ಎನ್ನುವವರಿಗೆ ಒಂದೇ ಮಾತು: ಲೂಕನ ಸುವಾರ್ತೆಯಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಗಟ್ಟಿಯಾಗಿ ಓದಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ಇನ್ನು ನನ್ನ ನಿದ್ದೆ ಕೆಡಿಸುವ ಆಕ್ಷೇಪಕ್ಕೆ ಬರುತ್ತೇನೆ. ಇದು ನಮ್ಮ ವಿರೋಧಿಗಳಿಂದ ಬಂದದ್ದಲ್ಲ, ಕೆಲಸ ಕೊಡುವವರಿಂದಲೇ ಬರುವಂಥದ್ದು: ಮಗುವಿನ ಕಣ್ಣೀರು ತೋರಿಸದಿದ್ದರೆ ಕಾಣಿಕೆ ಬರುವುದಿಲ್ಲ.

ಆಶ್ರಯಧಾಮದ ಮಗುವನ್ನು ಕೂರಿಸಿ, ಅಪ್ಪ ಕುಡಿದು ಹೊಡೆಯುತ್ತಿದ್ದದ್ದನ್ನು ಹೇಳಿಸಿ, ಗಂಟಲು ಕಟ್ಟಿದಲ್ಲಿ ಮುಖಕ್ಕೆ ಝೂಮ್ ಮಾಡಿ, ಕೆಳಗೆ ಪಿಯಾನೊ ಹಾಕಿದರೆ ಹಣ ಬರುತ್ತದೆ. ಇಲ್ಲವೆಂದು ನಾನು ವಾದಿಸುವುದಿಲ್ಲ. ಮೊದಲು ಕಾನೂನು ನೋಡೋಣ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಹಿಡಿಸುವ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಯಾವ ಮಾಧ್ಯಮದಲ್ಲೂ ಪ್ರಕಟಿಸುವಂತಿಲ್ಲ. ಮಗುವಿನ ಹಿತಕ್ಕೆ ಅಗತ್ಯವೆಂದು ಮಕ್ಕಳ ಕಲ್ಯಾಣ ಸಮಿತಿ ಲಿಖಿತ ಕಾರಣ ಕೊಟ್ಟು ಅನುಮತಿಸಿದರೆ ಮಾತ್ರ ವಿನಾಯಿತಿ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸೇವೆಯ ಉದ್ದೇಶ ಒಳ್ಳೆಯದು ಎಂಬುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಕಾನೂನು ಇರದಿದ್ದರೂ ನಾನು ಆ ಶಾಟ್ ತೆಗೆಯುತ್ತಿರಲಿಲ್ಲ. ಮಗು ಒಪ್ಪಿದೆ ಎಂದು ಹೇಳುತ್ತಾರೆ. ಊಟ, ಹಾಸಿಗೆ, ಶಾಲೆಯ ಫೀಸು ಎಲ್ಲವನ್ನೂ ಕೊಡುವ ವಾರ್ಡನ್ ಪಕ್ಕದಲ್ಲೇ ನಿಂತಿರುವಾಗ ಹನ್ನೊಂದು ವರ್ಷದ ಹುಡುಗಿ ಬೇಡ ಎಂದು ಹೇಗೆ ಹೇಳಿಯಾಳು? ನಾಳೆ ಅವಳು ಕಾಲೇಜಿಗೆ ಹೋಗುತ್ತಾಳೆ, ಕೆಲಸಕ್ಕೆ ಸೇರುತ್ತಾಳೆ, ಅವಳಿಗೆ ಸಂಬಂಧ ನೋಡುತ್ತಾರೆ. ಆ ಎರಡು ನಿಮಿಷ ಅವಳಿಗಿಂತ ಮುಂಚೆ ಅಲ್ಲಿ ಹೋಗಿ ಕೂತಿರುತ್ತದೆ. ಅಂಗಡಿಯ ಜಾಹೀರಾತಿನಲ್ಲಿ ನಟಿಸಿದವರಿಗೆ ಸಂಭಾವನೆ ಇರುತ್ತದೆ, ಕರಾರಿರುತ್ತದೆ, ಒಲ್ಲೆ ಎಂದು ಎದ್ದು ಹೋಗುವ ಬಾಗಿಲಿರುತ್ತದೆ. ಈ ಮಗುವಿಗೆ ಅದ್ಯಾವುದೂ ಇಲ್ಲ. ವ್ಯಾಪಾರದ ರೀತಿ ಸೇವೆಯನ್ನು ಕೆಡಿಸುತ್ತದೆ ಎನ್ನುವ ಹಿರಿಯರೇ, ಇಲ್ಲಿ ವ್ಯಾಪಾರದಿಂದ ಸೇವೆ ಕಲಿಯಬೇಕಾದದ್ದಿದೆ.

ಹಾಗಾದರೆ ಏನು ತೋರಿಸುತ್ತೀರಿ ಎಂದು ಕೇಳುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಷ್ಟು ಮಕ್ಕಳ ತಿಂಡಿಗೆ ಅಕ್ಕಿ ರುಬ್ಬುವ ಅಡುಗೆಯಮ್ಮನನ್ನು ತೋರಿಸುತ್ತೇವೆ. ಗೋಡೆಗೆ ಸಾಲಾಗಿ ನೇತುಹಾಕಿದ ಶಾಲೆಯ ಚೀಲಗಳನ್ನು, ತಿಂಗಳ ದಿನಸಿ ಖರ್ಚಿನ ಲೆಕ್ಕದ ಪುಸ್ತಕವನ್ನು ತೋರಿಸುತ್ತೇವೆ. ಅಲ್ಲೇ ಬೆಳೆದು ಈಗ ತಮ್ಮ ಕಾಲ ಮೇಲೆ ನಿಂತವರು ತಾವಾಗಿ ಮಾತಾಡಲು ಬಂದರೆ ಅವರ ಮಾತನ್ನು ಕೇಳಿಸುತ್ತೇವೆ. ಕೊಡುವವರಿಗೆ ತಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗಬೇಕು, ಅದಕ್ಕೆ ಕಣ್ಣೀರಿಗಿಂತ ಲೆಕ್ಕದ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಜವಾದ ಮಗು ಬೇಡವಾದರೆ ಎಐನಲ್ಲಿ ಅಳುವ ಮಗುವನ್ನು ಮಾಡಿಸಿ ಎಂಬ ಸಲಹೆಯೂ ಈಚೆಗೆ ಬರುತ್ತಿದೆ. ಇಲ್ಲದ ಮಗುವಿನ ಹೆಸರಲ್ಲಿ ಕಾಣಿಕೆ ಎತ್ತುವುದು ಸುಳ್ಳು, ಅದರ ಬಗ್ಗೆ ಇನ್ನೊಂದು ಮಾತಿಲ್ಲ.

ಸಾಕ್ಷಿಯ ವಿಷಯದಲ್ಲೂ ನಮ್ಮ ಮೇಲೆ ಕೋಪವಿದೆ. ಸ್ವಸ್ಥತೆಯ ಸಾಕ್ಷಿಗೆ ಕತ್ತರಿ ಹಾಕಲು ನೀವು ಯಾರು ಎನ್ನುತ್ತಾರೆ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಪುಡಿ ಮಾರುವವರ ಜಾಹೀರಾತನ್ನು ನಾವು ಒಪ್ಪಿಕೊಳ್ಳುವುದಿಲ್ಲ, ಅಂಥದ್ದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಪುಡಿ ಮಾರುವವರಿಗೆ ಹಿಡಿದ ಅಳತೆಗೋಲನ್ನು ನಮ್ಮವರ ಎದುರು ಬಚ್ಚಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಯಿಲೆಯ ದಿನಗಳಲ್ಲಿ ಪ್ರಾರ್ಥನೆ ತನ್ನನ್ನು ಹೇಗೆ ಹಿಡಿದು ನಿಲ್ಲಿಸಿತೆಂದು ಒಬ್ಬ ತಾಯಿ ಹೇಳಿದರೆ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಮಾತ್ರೆ ನಿಲ್ಲಿಸಿದೆ, ನೀವೂ ನಿಲ್ಲಿಸಿ ಎಂಬ ವಾಕ್ಯ ಮಾತ್ರ ನಮ್ಮ ವಿಡಿಯೊದಲ್ಲಿ ಇರದು. ಅದನ್ನು ನೋಡುವವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದಾರೆ.

ಸಭೆಯ ಹೊರಗಿನವರ ಆಕ್ಷೇಪ ಬೇರೆ: ಇವೆಲ್ಲ ಮರೆಮಾಚಿದ ಮತಾಂತರದ ಚಿತ್ರಗಳು ಎನ್ನುತ್ತಾರೆ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡಕ್ಕೂ ನಾವು ಬದ್ಧರು. ಯಾರು ಮಾಡಿಸಿದ್ದು, ಯಾರ ಹಣ ಎಂಬುದನ್ನು ಚಿತ್ರದ ಮೊದಲ ಚೌಕಟ್ಟಿನಲ್ಲೇ ಹಾಕುತ್ತೇವೆ. ಹೆಸರು ಹಾಕಬೇಡಿ, ಸಾಮಾನ್ಯ ನೀತಿಕಥೆಯಂತೆ ಕಾಣಲಿ ಎಂದು ಕೇಳಿಬಂದ ಕೆಲಸವನ್ನು ಬಿಟ್ಟಿದ್ದೇವೆ.

ಕೊನೆಯದು ಲೆಕ್ಕದ ಪ್ರಶ್ನೆ. ನಮ್ಮ ಚಿತ್ರದಲ್ಲಿ ಮಾತಾಡಿದವರಿಗೆಲ್ಲ ಎಡಿಟ್ ಆದ ಪ್ರತಿಯನ್ನು ಮೊದಲು ತೋರಿಸುತ್ತೇವೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಓದಿ ಹೇಳುತ್ತೇವೆ. ಬಿಡುಗಡೆಗೆ ಮುಂಚೆ ಯಾರಾದರೂ ನನ್ನ ಭಾಗ ಬೇಡ ಎಂದರೆ ತೆಗೆಯುತ್ತೇವೆ. ಆಗ ಮತ್ತೆ ಶೂಟಿಂಗ್, ಮತ್ತೆ ಎಡಿಟಿಂಗ್; ಆ ಖರ್ಚು ಯಾರ ತಲೆಯ ಮೇಲೆ ಎಂದು ಅಂಗಡಿಯವರೂ ಕೇಳುತ್ತಾರೆ, ಸಭಾಪಾಲಕರೂ ಕೇಳುತ್ತಾರೆ. ಖರ್ಚು ನಮ್ಮದು. ಕೊಟೇಶನ್ನಿನಲ್ಲಿ ಮೊತ್ತದ ಕೆಳಗೆ ಅದನ್ನು ಬರೆದೇ ಕೊಡುತ್ತೇವೆ.