ಎತ್ತರವೂ ಅಭಯವೂ

ಸೊರಬ ಸೀಮೆಯ ಜಾತ್ರೆಗಳಲ್ಲಿ ಡೊಳ್ಳು ಕುಣಿತವನ್ನು ಕಣ್ತುಂಬ ಕಂಡವರಿಗೆ ಒಂದು ಗಳಿಗೆ ಮರೆಯುವಂಥದಲ್ಲ. ಸುತ್ತುಗಟ್ಟಿ ಕುಣಿಯುತ್ತಿದ್ದ ತಂಡವು ಹಠಾತ್ತನೆ ಒಂದೆಡೆ ನೆರೆದು, ಕೆಲವರು ಮಂಡಿಯೂರಿ ಬೆನ್ನು ಕೊಟ್ಟು, ಕೆಲವರು ನಿಂತು ಹೆಗಲು ಕೊಟ್ಟು, ಒಬ್ಬನನ್ನು ಡೊಳ್ಳಿನ ಸಮೇತ ಆ ಮನುಷ್ಯಗೋಪುರದ ನೆತ್ತಿಗೆ ಏರಿಸುವರು. ಮೇಲೆ ನಿಂತವನ ಕೈ ಬಾರಿಸುವುದನ್ನು ನಿಲ್ಲಿಸದು. ಕೆಳಗೆ ಹೊತ್ತವರ ಕಾಲು ತಾಳ ತಪ್ಪದು. ಬಾಲ್ಯದಲ್ಲಿ ನನ್ನ ಕಣ್ಣು ಸದಾ ಮೇಲಿನವನ ಮೇಲೆಯೇ ಇರುತ್ತಿತ್ತು. ವಯಸ್ಸು ಮಾಗಿದ ಮೇಲೆ, ಕೆಳಗಿನವರ ಮೊಣಕಾಲುಗಳನ್ನು ನೋಡುವುದನ್ನು ಕಲಿತೆ. ಆ ವಿದ್ಯೆಯ ಮರ್ಮವೆಲ್ಲ ಅಲ್ಲಿಯೇ ಅಡಗಿದೆಯೆಂದು ಈಗ ನಂಬಿದ್ದೇನೆ.

ಮೇಲೇರಬೇಕೆಂಬ ಅದೇ ಆಸೆಯು ಇಂದು ಮತ್ತೊಂದು ವೇಷದಲ್ಲಿ ನಮ್ಮ ಶಾಲೆ ಕಾಲೇಜುಗಳ ಅಂಗಳಕ್ಕೆ ಬರುತ್ತಿದೆ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯಾವಳಿಯು ಆರಂಭವಾದಾಗ ‘ಚಿಯರ್‌ಲೀಡಿಂಗ್’ ಎಂಬ ಶಬ್ದವು ನಮ್ಮ ಮನೆಮನೆಗೂ ತಲುಪಿತಷ್ಟೆ. ಆದರೆ ಅಲ್ಲಿ ಕಂಡದ್ದು ಬಹುಮಟ್ಟಿಗೆ ನೃತ್ಯ. ಆ ಕಲೆಯ ಕಠಿನತರವಾದ ಅಂಗವನ್ನು ಮಕ್ಕಳು ಈಗ ಮೊಬೈಲಿನ ತೆರೆಯ ಮೇಲೆ ನೋಡುತ್ತಾರೆ: ಇಬ್ಬರು ಎದುರುಬದುರು ನಿಂತು ಮಣಿಕಟ್ಟುಗಳನ್ನು ಹೆಣೆದು ಚೌಕವೊಂದನ್ನು ರಚಿಸುತ್ತಾರೆ, ಅದರ ಮೇಲೆ ಪಾದವಿಟ್ಟು ನಿಂತವಳನ್ನು, ಹಿಂದೆ ನಿಂತ ಮೂರನೆಯವರ ಸಹಾಯದಿಂದ ಆಕಾಶಕ್ಕೆ ಚಿಮ್ಮಿಸಿ, ಮರಳಿ ತೋಳುಗಳಲ್ಲಿ ಹಿಡಿಯುತ್ತಾರೆ. ಇದಕ್ಕೆ ‘ಬ್ಯಾಸ್ಕೆಟ್ ಟಾಸ್’ ಎಂದು ಹೆಸರು.

ಇದು ಪರದೇಶದ್ದೆಂದು ಮೂಗು ಮುರಿಯುವವರ ಪಂಕ್ತಿಯಲ್ಲಿ ನಾನಿಲ್ಲ. 1898ರಲ್ಲಿ ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ಪ್ರೇಕ್ಷಕರನ್ನು ಹುರಿದುಂಬಿಸಲು ಮುಂದೆ ನಿಂತಂದಿನಿಂದ ಮೊದಲಾದ ಈ ಪದ್ಧತಿಯ ಅಂತರರಾಷ್ಟ್ರೀಯ ಸಂಘಕ್ಕೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆಯೂ ದೊರೆತಿದೆ. ಮೇಲಾಗಿ, ಆ ಹೆಣೆದ ಕೈಗಳ ಚೌಕವು ನಮಗೆ ಅಪರಿಚಿತವೇನೂ ಅಲ್ಲ. ತನ್ನ ಎಡ ಮಣಿಕಟ್ಟನ್ನು ತನ್ನದೇ ಬಲಗೈಯಿಂದಲೂ, ಎದುರಿನವನ ಬಲ ಮಣಿಕಟ್ಟನ್ನು ತನ್ನ ಎಡಗೈಯಿಂದಲೂ ಹಿಡಿಯುವ ಈ ಕ್ರಮವನ್ನೇ ಗಾಯಾಳುವನ್ನು ಹೊತ್ತೊಯ್ಯಲೆಂದು ಸ್ಕೌಟುಗಳಿಗೆ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಕಲಿಸುತ್ತಾರೆ. ಬಿದ್ದವರನ್ನು ಎತ್ತುವುದಕ್ಕಾಗಿ ಹುಟ್ಟಿದ ಹಿಡಿತವೇ ಏರುವವರನ್ನು ಎಸೆಯುವುದಕ್ಕೂ ಒದಗಿದೆಯೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ನನ್ನ ಆಕ್ಷೇಪವಿರುವುದು ಬೇರೊಂದು ಕಡೆ. ಎತ್ತರವು ತೋಳ್ಬಲದಿಂದ ಬರುತ್ತದೆಂದು ಮಕ್ಕಳೂ, ಎಷ್ಟೋ ಸಲ ಅವರನ್ನು ತಿದ್ದಬೇಕಾದ ಹಿರಿಯರೂ ಭಾವಿಸುತ್ತಾರೆ. ಹಿಡಿಯುವುದನ್ನು ಎಸೆತದ ನಂತರದ ಒಂದು ಉಪಚಾರವೆಂದು ಎಣಿಸುತ್ತಾರೆ. ಎರಡೂ ತಪ್ಪು. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದ ಯಾರಾದರೂ ಈ ಲೆಕ್ಕವನ್ನು ಮಾಡಿ ನೋಡಬಹುದು. ನಲವತ್ತು ಕಿಲೋ ತೂಕದ ಹುಡುಗಿಯೊಬ್ಬಳು ಕೈಬಿಟ್ಟ ಸ್ಥಾನದಿಂದ ಎರಡು ಮೀಟರು ಮೇಲೇರಬೇಕಾದರೆ ಸೆಕೆಂಡಿಗೆ 6.3 ಮೀಟರು ವೇಗ ಬೇಕು. ಆ ವೇಗವನ್ನು ಕೇವಲ ತೋಳುಗಳಿಂದ, ಅರ್ಧ ಮೀಟರಿನ ನೂಕಿನಲ್ಲಿ ಕೊಡಹೊರಟರೆ ಸರಾಸರಿ 200 ಕಿಲೋ ಭಾರಕ್ಕೆ ಸಮನಾದ ಬಲ ಹಾಕಬೇಕಾಗುತ್ತದೆ. ಅದೇ ವೇಗವನ್ನು ಮೊಣಕಾಲು ಬಾಗಿಸಿ, ಕೆಳಗಿನಿಂದ ಎದ್ದು, ತೋಳುಗಳು ನೆತ್ತಿಯ ಮೇಲೆ ಪೂರ್ಣವಾಗಿ ಚಾಚುವ ತನಕ ಒಂದು ಮೀಟರಿನುದ್ದಕ್ಕೂ ಕೊಟ್ಟರೆ 120 ಕಿಲೋ ಸಾಕು; ಮೂವರಿಗೆ ಹಂಚಿದರೆ ತಲೆಗೆ ನಲವತ್ತು. ಎಸೆಯುವವರು ಒಂದೇ ಎಣಿಕೆಗೆ ಬಾಗಿ ಒಂದೇ ಎಣಿಕೆಗೆ ಏಳಬೇಕೆಂಬ ನಿಯಮ ಹುಟ್ಟಿದ್ದು ಇದರಿಂದ. ಒಬ್ಬನು ಅರೆಗಳಿಗೆ ಮುಂಚೆ ಎದ್ದರೂ ಎತ್ತರ ಕುಗ್ಗುವುದಲ್ಲದೆ ಮೇಲಿನವಳು ವಾಲಿ ಹೋಗುತ್ತಾಳೆ. ಡೊಳ್ಳಿನ ತಾಳದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಎಣಿಕೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ಇಳಿಯುವ ಲೆಕ್ಕ. ಎರಡು ಮೀಟರಿನಿಂದ ಮರಳುವವಳು ಹೋದ ವೇಗದಲ್ಲಿಯೇ ಬರುತ್ತಾಳೆ. ಹಿಡಿಯುವವರು ಮರಗಟ್ಟಿ ನಿಂತು ಹತ್ತು ಸೆಂಟಿಮೀಟರಿನೊಳಗೆ ಅವಳನ್ನು ತಡೆದರೆ ಅವಳ ತೂಕದ ಇಪ್ಪತ್ತೊಂದು ಪಟ್ಟು ಬಲ, ಅಂದರೆ 840 ಕಿಲೋ, ಅವಳ ಬೆನ್ನೆಲುಬಿಗೂ ಇವರ ಮುಂಗೈಗಳಿಗೂ ಬಡಿಯುತ್ತದೆ. ತೋಳುಗಳನ್ನು ಮೇಲೆತ್ತಿ ಎತ್ತರದಲ್ಲಿಯೇ ಅವಳನ್ನು ಸಂಧಿಸಿ, ಮೊಣಕಾಲು ಬಾಗಿಸುತ್ತ ಅರ್ಧ ಮೀಟರಿನವರೆಗೆ ಅವಳೊಡನೆ ತಾವೂ ಇಳಿದರೆ ಅದು ಐದು ಪಟ್ಟಿಗೆ ಇಳಿಯುತ್ತದೆ. ಎತ್ತರವನ್ನು ಕೊಡುವ ಬಾಗುವಿಕೆಯೂ ಅಭಯವನ್ನು ಕೊಡುವ ಬಾಗುವಿಕೆಯೂ ಒಂದೇ ಮೊಣಕಾಲಿನದು. ಅಡಿಕೆ ತೋಟದಲ್ಲಿ ಕೊನೆಗೌಡನು ಮರದ ತುದಿಯಿಂದ ಹಗ್ಗದ ಮೇಲೆ ಜಾರಿಸಿಬಿಡುವ ಗೊನೆಯನ್ನು ಕೆಳಗಿನವನು ಹೇಗೆ ಹಿಡಿಯುತ್ತಾನೆಂದು ನೋಡಿ: ಅದನ್ನು ಅವನು ತಡೆಯುವುದಿಲ್ಲ, ಬರಮಾಡಿಕೊಳ್ಳುತ್ತಾನೆ, ಮೈಯನ್ನೆಲ್ಲ ಹಿಂದಕ್ಕೆ ಬಿಟ್ಟುಕೊಟ್ಟು ಅದರ ವೇಗವನ್ನು ತನ್ನೊಳಗೆ ಇಳಿಸಿಕೊಳ್ಳುತ್ತಾನೆ. ತೋಟದ ಈ ಜಾಣ್ಮೆಯನ್ನು ಮನೆಯಲ್ಲಿಯೇ ಕಂಡ ಮಕ್ಕಳು ಶಾಲೆಯ ಅಂಗಳದಲ್ಲಿ ಅದನ್ನು ಮರೆಯಬೇಕೇಕೆ?

ಏರುವವಳಿಗೂ ಅವಳದೇ ಆದ ಶಿಸ್ತು ಉಂಟು. ಎಸೆತಕ್ಕೆ ಮುಂಚೆಯೇ ತಾನಾಗಿ ನೆಗೆದುಬಿಡುವುದು ಹೊಸಬರ ಸಾಮಾನ್ಯ ದೋಷ. ಪಾದದ ಕೆಳಗಿನ ಆಧಾರವು ಪೂರ್ಣವಾಗಿ ಮೇಲೇಳುವ ಮುನ್ನವೇ ಅದನ್ನು ಬಿಟ್ಟವಳು ಅದರ ಬಲವನ್ನೂ ಬಿಟ್ಟಂತೆಯೇ. ಇಕ್ಕೆಲದವರ ಹೆಗಲನ್ನು ಒತ್ತಿ, ಮೈಯನ್ನು ಕಂಬದಂತೆ ಬಿಗಿದು, ಎಸೆತದ ಕೊನೆಯವರೆಗೂ ಅದರೊಡನೆ ಸಾಗಿ, ತುತ್ತತುದಿಯನ್ನು ಮುಟ್ಟಿದಾಗ ಮಾತ್ರ ಅವಳು ತನ್ನ ಭಂಗಿಯನ್ನು ಅರಳಿಸಬೇಕು. ಏರಿಳಿತವೆಲ್ಲ ಸೇರಿ ಅವಳಿಗೆ ದೊರೆಯುವುದು 1.3 ಸೆಕೆಂಡಿಗೂ ಕಡಮೆ ಕಾಲ. ಇಳಿಯುವಾಗ ಮುಖ ಆಕಾಶದ ಕಡೆಗಿದ್ದು, ಸೊಂಟದಲ್ಲಿ ಕೊಂಚ ಮಡಿದು, ಕಾಲುಗಳನ್ನು ಜೋಡಿಸಿಕೊಂಡಿರಬೇಕು. ಇದೆಲ್ಲವೂ ಸಾಧ್ಯವಾಗುವುದು ಕೆಳಗಿನವರಲ್ಲಿ ಅವಳಿಗೆ ನಂಬಿಕೆಯಿದ್ದಾಗ. ಹೆದರಿದ ದೇಹವು ಗಾಳಿಯಲ್ಲಿ ಮುದುಡುತ್ತದೆ, ಕೈಗಳು ಆಸರೆಗೆಂದು ತಡಕಾಡುತ್ತವೆ. ಎತ್ತರವನ್ನು ಹೆಚ್ಚಿಸಬೇಕೆನ್ನುವ ಗುರುವು ಮೊದಲು ಹೆಚ್ಚಿಸಬೇಕಾದುದು ಈ ನಂಬಿಕೆಯನ್ನು.

ನನ್ನ ಶಾಲಾದಿನಗಳ ಒಂದು ಸ್ವಾತಂತ್ರ್ಯೋತ್ಸವ ನೆನಪಾಗುತ್ತದೆ. ಆಗಸ್ಟಿನ ಮಳೆ ಆಗಷ್ಟೇ ಬಿಟ್ಟು ಅಂಗಳವೆಲ್ಲ ಪಾಚಿಗಟ್ಟಿತ್ತು. ಮೂರು ಅಂತಸ್ತಿನ ಪಿರಮಿಡ್ಡಿನ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದ ಸಹಪಾಠಿಯು, ಕೆಳಸಾಲಿನವನ ಕಾಲು ಜಾರಿದೊಡನೆ, ನಮ್ಮೆಲ್ಲರ ಕಣ್ಣೆದುರು ಕಲ್ಲುಹಾಸಿನ ಮೇಲೆ ಬಿದ್ದನು. ಮುಂಗೈ ಮೂಳೆ ಮುರಿಯಿತು, ಅದು ಕೂಡಿಕೊಂಡಿತು. ಆದರೆ ಅವನು ಮತ್ತೆಂದೂ ಯಾರ ಹೆಗಲನ್ನೂ ಏರಲಿಲ್ಲ. ಅವನ ಸುತ್ತ ನಿಂತು ಹಿಡಿಯುವುದಕ್ಕೆಂದು ಒಬ್ಬರನ್ನೂ ನೇಮಿಸಿರಲಿಲ್ಲವೆಂಬುದು ಅಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಲು ಹಲವು ವರ್ಷಗಳು ಬೇಕಾದುವು.

ಅಮೆರಿಕೆಯವರು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತರು. ತಲೆಗೂ ಕತ್ತಿಗೂ ಪೆಟ್ಟಾದ ಪ್ರಕರಣಗಳು ಹೆಚ್ಚಿದ ಮೇಲೆ, 2006-07ರ ಋತುವಿನಿಂದ ಗಟ್ಟಿ ನೆಲದ ಮೇಲೆ ಬ್ಯಾಸ್ಕೆಟ್ ಟಾಸ್ ಮಾಡುವುದನ್ನು ಅಲ್ಲಿ ನಿಷೇಧಿಸಿದರು. ಅನಂತರದ ವರ್ಷಗಳಲ್ಲಿ ಘೋರ ಗಾಯಗಳು ಗಣನೀಯವಾಗಿ ಕಡಮೆಯಾದುವು. ಕಲೆಯೇನೂ ನಶಿಸಲಿಲ್ಲ. ಸ್ಪೇನಿನ ಕ್ಯಾಟಲೋನಿಯದಲ್ಲಿ ಕಟ್ಟುವ ಮನುಷ್ಯಗೋಪುರಗಳನ್ನು ಯುನೆಸ್ಕೋ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು; ಅಲ್ಲಿ ಬುಡದ ಸುತ್ತ ನೂರಾರು ಜನರು ಒತ್ತೊತ್ತಾಗಿ ನಿಂತು, ಗೋಪುರಕ್ಕೆ ಊರೆಯೂ ಬೀಳುವವರಿಗೆ ಹಾಸಿಗೆಯೂ ಆಗುತ್ತಾರೆ. ದೂರದ ನಿದರ್ಶನಗಳು ಬೇಡವೆಂದರೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ನೆನೆಯಬಹುದು. ವೇದ, ವ್ಯಾಕರಣ, ನಾಟ್ಯಗಳನ್ನು ಕಲಿಸುತ್ತಿದ್ದ ಆ ಸ್ಥಾನವು ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಸಕಲ ಪ್ರಾಣಿಗಳಿಗೆ ಅಭಯವನ್ನೂ ನೀಡುವ ಸ್ಥಾನವೂ ಆಗಿತ್ತೆಂದು ಅದು ಬಣ್ಣಿಸುತ್ತದೆ. ಕಲಿಕೆಯ ಮನೆಯೂ ಅಭಯದ ಮನೆಯೂ ಒಂದೇ ಆಗಿರಬೇಕೆಂಬ ಭಾವನೆ ಈ ಮಣ್ಣಿಗೆ ಹಳೆಯದು.

ಆದುದರಿಂದ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳನ್ನೂ ದೈಹಿಕ ಶಿಕ್ಷಕರನ್ನೂ ನಾನು ಕೇಳಿಕೊಳ್ಳುವುದಿಷ್ಟು. ದಪ್ಪ ಮ್ಯಾಟುಗಳಿಲ್ಲದ ಶಾಲೆಯಲ್ಲಿ ಎಸೆತ ಬೇಡವೇ ಬೇಡ. ಪ್ರತಿ ಶಾಲೆಗೂ ಕೊಳ್ಳಲಾಗದಿದ್ದರೆ ನಾಲ್ಕೈದು ಶಾಲೆಗಳು ಕೂಡಿ ಒಂದು ಜೊತೆಯನ್ನು ಕೊಂಡು ಸರದಿಯಲ್ಲಿ ಬಳಸಲಿ. ಮೊದಲ ತಿಂಗಳು ಹಿಡಿಯುವುದನ್ನು ಮಾತ್ರ ಕಲಿಸಲಿ: ಮೊದಲು ಹುಲ್ಲು ತುಂಬಿದ ಗೋಣಿಚೀಲವನ್ನು, ಆಮೇಲೆ ಸೊಂಟದೆತ್ತರದಿಂದ ಇಳಿಬಿಟ್ಟ ಗೆಳತಿಯನ್ನು. ಹಿಡಿತವು ಹತ್ತಕ್ಕೆ ಹತ್ತು ಸಲ ತಪ್ಪದೆ ಬಂದಾಗ ಮಾತ್ರ ಎಸೆತದ ಎತ್ತರವನ್ನು ಒಂದೊಂದೇ ಗೇಣು ಏರಿಸಲಿ. ಇನ್ನೂ ಒಂದು ಮಾತು: ಮಲೆನಾಡಿನ ಸೆರಗಿನ ನಮ್ಮ ಸೀಮೆಯಲ್ಲಿ ಆಗಸ್ಟ್ 15 ಮಳೆಗಾಲದ ನಡುವೆ ಬರುವುದರಿಂದ, ಅಂದಿನ ಕಾರ್ಯಕ್ರಮಕ್ಕೆ ಲೇಜಿಮ್ಮೂ ಡಂಬೆಲ್ಸೂ ಸಾಕು. ಜೂನಿನಲ್ಲಿ ಚೀಲದಿಂದ ಆರಂಭಿಸಿದ ಅಭ್ಯಾಸವು ನವೆಂಬರಿನ ರಾಜ್ಯೋತ್ಸವವನ್ನೂ ದಾಟಿ ನಿಧಾನವಾಗಿ ಮಾಗಲಿ. ಗದ್ದೆಯ ಕೊಯ್ಲು ಮುಗಿದು, ಅಂಗಳದ ನೆಲವೆಲ್ಲ ಒಣಗಿ, ಶಾಲೆಯ ವಾರ್ಷಿಕೋತ್ಸವಕ್ಕೆ ಚಪ್ಪರ ಏಳುವ ಹೊತ್ತಿಗೆ, ಆರು ತಿಂಗಳು ಜೊತೆಯಲ್ಲಿ ಬಾಗಿ ಎದ್ದ ಆ ಮೂರು ಜೊತೆ ಮೊಣಕಾಲುಗಳ ಮೇಲೆ ಹುಡುಗಿಯನ್ನು ನಿಲ್ಲಿಸಬಹುದು. ಊರಿನವರೇ ಡೊಳ್ಳಿನ ಮೇಲೆ ಎಣಿಕೆ ಕೊಡಲಿ.